ಕೊನೆಯಿಲ್ಲದ ವಾರ್ತೆ, ಡವಗುಟ್ಟುವ ಎದೆ

2025ರ ಜುಲೈ ಮೊದಲ ವಾರದಲ್ಲಿ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳ್ಳಂಬೆಳಗ್ಗೆಯೇ ಜನ ಸಾಲುಗಟ್ಟಿ ನಿಲ್ಲುತ್ತಿದ್ದರು. ಎದೆನೋವು ಇದ್ದವರು ಬಂದಿದ್ದರು. ಯಾವ ನೋವೂ ಇಲ್ಲದೆ, ‘ಯಾವುದಕ್ಕೂ ಒಂದು ಸಲ ತೋರಿಸಿಬಿಡೋಣ’ ಎಂದು ಬಂದವರೂ ಬಹಳ ಮಂದಿ ಇದ್ದರು. ಬೆಂಗಳೂರಿನ ಜಯದೇವದಲ್ಲೂ ಅದೇ ನೂಕುನುಗ್ಗಲು. ಗಾಬರಿಯಾಗಬೇಡಿ, ಎಲ್ಲರೂ ಒಮ್ಮೆಗೇ ಇಲ್ಲಿಗೆ ಬರಬೇಡಿ, ಹತ್ತಿರದ ಆಸ್ಪತ್ರೆಯಲ್ಲೂ ಇಸಿಜಿ ಮಾಡುತ್ತಾರೆ ಎಂದು ವೈದ್ಯರು ಮತ್ತೆ ಮತ್ತೆ ಹೇಳಬೇಕಾಯಿತು.

ಕಾರಣ ನಿಮಗೆ ನೆನಪಿರಬಹುದು. ಮೇ ತಿಂಗಳ ಕೊನೆಯಿಂದ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದಿಂದ ಒಬ್ಬರಾದ ಮೇಲೊಬ್ಬರು ಸತ್ತ ಸುದ್ದಿ ಬರುತ್ತಿತ್ತು. ಸತ್ತವರಲ್ಲಿ ಕೆಲವರು ಇನ್ನೂ ಬಾಳಿ ಬದುಕಬೇಕಾದ ವಯಸ್ಸಿನವರು. ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಸಾವು ಎಂಬ ಲೆಕ್ಕ ಹೊರಬಿದ್ದದ್ದೇ ತಡ, ಸುದ್ದಿವಾಹಿನಿಗಳು ಅದನ್ನೇ ಹಿಡಿದವು. ಯಾರೋ ನಡೆಯುತ್ತಾ ನಡೆಯುತ್ತಾ ಕುಸಿದು ಬೀಳುವ ಸಿಸಿಟಿವಿ ದೃಶ್ಯ, ಬೀಳುವವನ ಸುತ್ತ ಒಂದು ಕೆಂಪು ವೃತ್ತ, ಕೆಳಗೆ ಓಡುವ ಕೆಂಪು ಪಟ್ಟಿ, ಹಿನ್ನೆಲೆಯಲ್ಲಿ ಡವಡವ ಎನ್ನುವ ಸದ್ದು. ಅವನು ಬಿದ್ದ ಮೇಲೆ ದೃಶ್ಯ ಮತ್ತೆ ಮೊದಲಿಗೆ ಹೋಗುತ್ತದೆ. ಅವನು ಮತ್ತೆ ಎದ್ದು ನಡೆದು ಮತ್ತೆ ಬೀಳುತ್ತಾನೆ. ಇದರ ನಡುವೆ ಕೋವಿಡ್ ಲಸಿಕೆಯೇ ಕಾರಣವೇ ಎಂಬ ಚರ್ಚೆಯೂ ಎದ್ದಿತು. ಐಸಿಎಂಆರ್ ಮತ್ತು ಏಮ್ಸ್ ನಡೆಸಿದ ಅಧ್ಯಯನಗಳಲ್ಲಿ ಲಸಿಕೆಗೂ ಹಠಾತ್ ಸಾವಿಗೂ ನಂಟು ಕಂಡಿಲ್ಲ ಎಂದು ಕೇಂದ್ರ ಆರೋಗ್ಯ ಸಚಿವಾಲಯ ಸ್ಪಷ್ಟನೆ ಕೊಟ್ಟಿತು. ಅಷ್ಟರಲ್ಲಿ ಅನುಮಾನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಊರೂರು ಸುತ್ತಿ ಬಂದಿತ್ತು.

ರಾಜ್ಯ ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ರಚಿಸಿತು. ಸಮಿತಿ 24 ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿತು. ಅವುಗಳಲ್ಲಿ ನಾಲ್ಕಕ್ಕೆ ಹೃದಯದ ಕಾಯಿಲೆ ಕಾರಣವೇ ಆಗಿರಲಿಲ್ಲ. ಉಳಿದ 20ರಲ್ಲಿ ಅರ್ಧದಷ್ಟು ಮಾತ್ರ ಖಚಿತವಾಗಿ ಹೃದಯಕ್ಕೆ ಸಂಬಂಧಿಸಿದವು, ಮಿಕ್ಕವು ಇರಬಹುದೆಂಬ ಅಂದಾಜಿನವು. ಹಾಸನದಲ್ಲಿ ಹೃದಯಾಘಾತದ ಸಾವು ಅಸಹಜವಾಗಿ ಏರಿದೆ ಎನ್ನಲು ಆಧಾರ ಸಿಗಲಿಲ್ಲ. ಆದರೆ ಸಮಿತಿಯ ವರದಿ ಟಿವಿಯಲ್ಲಿ ಬಂದದ್ದು ಒಂದು ದಿನ. ಕುಸಿದು ಬೀಳುವ ದೃಶ್ಯ ಬಂದದ್ದು ವಾರಗಟ್ಟಲೆ.

ಆ ದಿನಗಳಲ್ಲಿ ಯಾವ ಪರದೆಯ ಮೇಲೂ ಕಾಣದ ಒಂದು ಲೆಕ್ಕವನ್ನು ಇಲ್ಲಿ ಹಾಕಿ ನೋಡೋಣ. 2011ರ ಜನಗಣತಿಯಂತೆ ಹಾಸನ ಜಿಲ್ಲೆಯ ಜನಸಂಖ್ಯೆ 17.76 ಲಕ್ಷ. ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಸಾವಿರ ಜನರಲ್ಲಿ ಆರು–ಏಳು ಮಂದಿ ಸಾಯುತ್ತಾರೆ. ಹಾಗೆ ನೋಡಿದರೆ ಆ ಒಂದು ಜಿಲ್ಲೆಯಲ್ಲೇ ದಿನಕ್ಕೆ ಸುಮಾರು 30 ಸಾವು, 40 ದಿನಕ್ಕೆ 1,100ಕ್ಕೂ ಮೇಲೆ. ದೇಶದಲ್ಲಿ ಕಾಲುಭಾಗಕ್ಕೂ ಹೆಚ್ಚು ಸಾವಿಗೆ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯೇ ಕಾರಣ. ಅಂದರೆ ಯಾವ ವಿಶೇಷವೂ ನಡೆಯದ 40 ದಿನಗಳಲ್ಲೂ ಹಾಸನದಲ್ಲಿ ಮುನ್ನೂರರ ಆಸುಪಾಸು ಮಂದಿ ಈ ಕಾಯಿಲೆಗಳಿಂದ ಸಾಯುತ್ತಿರುತ್ತಾರೆ. ಅವರಲ್ಲಿ ಹೆಚ್ಚಿನವರು ವಯಸ್ಸಾದವರು ನಿಜ. ಚಿಕ್ಕ ವಯಸ್ಸಿನವರ ಸಾವನ್ನು ಬೇರೆಯಾಗಿಯೇ ನೋಡಬೇಕು, ಸಮಿತಿ ನೋಡಿದ್ದೂ ಸರಿ. ಆದರೆ ಪರದೆಯ ಮೇಲೆ ದಿನವೂ ಏರುತ್ತಿದ್ದ ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು ಎಂಬ ಸಂಖ್ಯೆ ಸತ್ತವರ ಸಂಖ್ಯೆಯಲ್ಲ. ಅದು ಸುದ್ದಿಯಾದವರ ಸಂಖ್ಯೆ. ಸುದ್ದಿ ನೋಡಿ ಕಂಗೆಡುವ ನಮ್ಮ ಕಷ್ಟದ ಬೇರು ಇರುವುದು ಈ ಎರಡನ್ನೂ ಒಂದೇ ಎಂದು ಮನಸ್ಸು ತಿಳಿದುಕೊಳ್ಳುವುದರಲ್ಲಿ.

ಇದು ದಡ್ಡತನವಲ್ಲ. ಯಾವುದು ಥಟ್ಟನೆ ನೆನಪಿಗೆ ಬರುತ್ತದೋ ಅದೇ ಹೆಚ್ಚು ನಡೆಯುತ್ತಿದೆ ಎಂದು ಮನುಷ್ಯರೆಲ್ಲ ಅಂದಾಜು ಹಾಕುತ್ತಾರೆ ಎಂಬುದನ್ನು ಮನೋವಿಜ್ಞಾನಿಗಳಾದ ಆಮೋಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾಹ್ನೆಮನ್ 1973ರಲ್ಲೇ ತೋರಿಸಿಕೊಟ್ಟಿದ್ದರು. ಊರಿನಲ್ಲಿ ಚಿರತೆ ಕಂಡ ಸುದ್ದಿಯನ್ನು ನಾಲ್ಕು ಜನರ ಬಾಯಲ್ಲಿ ಕೇಳಿದರೆ ಹುಷಾರಾಗುವುದು ಜಾಣತನ. ಒಂದೇ ಚಿರತೆಯನ್ನು ಒಂದೇ ಕ್ಯಾಮೆರಾ ನೂರು ಸಲ ತೋರಿಸುವ ಕಾಲ ಬರುತ್ತದೆಂದು ಮನಸ್ಸಿಗೆ ಗೊತ್ತಿರಲಿಲ್ಲ, ಅಷ್ಟೇ.

ಮನಸ್ಸಿಗಿಂತ ಮೊದಲು ಪೆಟ್ಟು ತಿನ್ನುವುದು ಮೈ. ಅಪಾಯ ಕಂಡಾಗ ಅಡ್ರಿನಲಿನ್ ನುಗ್ಗುತ್ತದೆ, ಎದೆಬಡಿತ ಏರುತ್ತದೆ, ಉಸಿರು ಮೇಲುಮೇಲಕ್ಕೆ ಬರುತ್ತದೆ, ಎದೆಯ ಸ್ನಾಯುಗಳು ಬಿಗಿಯುತ್ತವೆ, ಅಂಗೈ ಬೆವರುತ್ತದೆ. ಓಡಿಹೋಗಲೋ ಎದುರಿಸಲೋ ಮೈ ಮಾಡಿಕೊಳ್ಳುವ ಸಿದ್ಧತೆ ಇದು. ಕುರ್ಚಿಯಲ್ಲಿ ಕೂತು ಟಿವಿ ನೋಡುವವನಿಗೆ ಓಡಲೂ ಇಲ್ಲ, ಎದುರಿಸಲೂ ಇಲ್ಲ. ಏರಿದ ಬಿಗಿ ಇಳಿಯಲು ದಾರಿಯಿಲ್ಲ. ಹಾಸನದ ಸುದ್ದಿಯಲ್ಲಂತೂ ಇದು ಇನ್ನೂ ಕ್ರೂರವಾಗಿತ್ತು. ಎದೆ ಬಿಗಿಯುವುದು, ಬೆವರುವುದು, ಉಸಿರು ಸಾಲದಂತಾಗುವುದು ಇವೇ ಹೃದಯಾಘಾತದ ಲಕ್ಷಣಗಳು ಎಂದು ಪರದೆ ಪಟ್ಟಿ ಹಾಕಿ ತೋರಿಸುತ್ತಿದ್ದಾಗ, ಆ ಪಟ್ಟಿಯನ್ನು ನೋಡಿ ಹೆದರಿದ ಮೈಯಲ್ಲೂ ಅವೇ ಲಕ್ಷಣಗಳು ಏಳುತ್ತಿದ್ದವು.

ಚನ್ನರಾಯಪಟ್ಟಣದ ಕಡೆ ತೆಂಗಿನ ತೋಟ ಮಾಡಿಕೊಂಡಿರುವ ನನ್ನ ಸೋದರಮಾವನಿಗೆ ಆಗಿದ್ದು ಹೀಗೆಯೇ. ಅರವತ್ತು ದಾಟಿದ ಗಟ್ಟಿ ಆಳು. ಒಂದು ರಾತ್ರಿ ಊಟವಾದ ಮೇಲೆ ‘ಎದೆ ಹಿಡ್ಕಂಡಂಗಾಯ್ತದೆ ಕಣೇ’ ಎಂದು ಅತ್ತೆಯನ್ನು ಎಬ್ಬಿಸಿದರು. ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಓಡಿದ್ದಾಯಿತು. ಇಸಿಜಿ ಸರಿಯಾಗಿತ್ತು, ರಕ್ತಪರೀಕ್ಷೆಯೂ ಸರಿಯಾಗಿತ್ತು, ಬಿಪಿ ಮಾತ್ರ ಕೊಂಚ ಮೇಲಿತ್ತು. ಆ ಇಸಿಜಿ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡು, ಬಂದವರಿಗೆಲ್ಲ ಬಿಚ್ಚಿ ತೋರಿಸುತ್ತಿದ್ದರು. ನಾನು ಹೋದಾಗ ಮಡಿಕೆಗಳ ಗೆರೆಯಲ್ಲಿ ಕಾಗದ ಹರಿಯುವ ಹಾಗಾಗಿತ್ತು. ಸಂಜೆ ಏಳಕ್ಕೆ ಮತ್ತೆ ಟಿವಿ ಹಾಕಿದರು.

‘ಮಾವ, ಇದನ್ನ ನೋಡೇ ಅಲ್ವಾ ಹಂಗಾಗಿದ್ದು? ಸಾಕು, ಆಫ್ ಮಾಡಿ’ ಎಂದೆ.

‘ಇವತ್ತು ಯಾರು ಹೋದ್ರೋ ನೋಡ್ಬೇಕಲ್ಲಪ್ಪಾ’ ಎಂದರು.

ಹೆದರಿಸಿದ ಸುದ್ದಿಯನ್ನೇ ಹುಡುಕಿಕೊಂಡು ಹೋಗುವುದು, ನೋಯುವ ಹಲ್ಲಿನ ಕಡೆಗೇ ನಾಲಿಗೆ ಹೋಗುವ ಹಾಗೆ. ಇದು ಬರೀ ಚಟವಲ್ಲ. ಅಪಾಯ ಎಲ್ಲಿದೆ, ಎಷ್ಟು ಹತ್ತಿರ ಬಂತು ಎಂದು ತಿಳಿದುಕೊಂಡರೆ ಸಮಾಧಾನವಾದೀತು ಎಂಬ ಆಸೆ. ಆದರೆ ಆಗುವುದು ತಿರುಗಾಮುರುಗಾ. 2013ರ ಏಪ್ರಿಲ್ 15ರಂದು ಅಮೆರಿಕದ ಬಾಸ್ಟನ್ ಮ್ಯಾರಥಾನ್ ಓಟದ ಕೊನೆಯ ಗೆರೆಯ ಬಳಿ ಬಾಂಬ್ ಸಿಡಿದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಲಿಸನ್ ಹೋಲ್ಮನ್, ರೊಕ್ಸೇನ್ ಕೋಹೆನ್ ಸಿಲ್ವರ್ ಮತ್ತು ಸಂಗಡಿಗರು ಅದಾದ ಕೆಲವೇ ವಾರಗಳಲ್ಲಿ 4,675 ಮಂದಿಯನ್ನು ವಿಚಾರಿಸಿದರು. ಸ್ಫೋಟದ ಮರುವಾರ ದಿನಕ್ಕೆ ಆರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಆ ಸುದ್ದಿಯಲ್ಲೇ ಮುಳುಗಿದ್ದವರಲ್ಲಿ ತೀವ್ರ ಮಾನಸಿಕ ಒತ್ತಡದ ಲಕ್ಷಣಗಳು, ಸ್ಫೋಟದ ಜಾಗದಲ್ಲೇ ಇದ್ದವರಿಗಿಂತ ಹೆಚ್ಚಾಗಿದ್ದವು. ಮೊದಲ ಸಲ ಓದಿದಾಗ ನಂಬಲಾಗದ ಮಾತು. ಯೋಚಿಸಿದರೆ ತಿಳಿಯುತ್ತದೆ: ಅಲ್ಲಿದ್ದವರ ಪಾಲಿಗೆ ಬಾಂಬ್ ಸಿಡಿದದ್ದು ಆ ಒಂದು ಮಧ್ಯಾಹ್ನ, ಪರದೆಯ ಮುಂದೆ ಕೂತವರ ಪಾಲಿಗೆ ಗಂಟೆ ಗಂಟೆಗೂ.

ಅದೇ ತಂಡ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ವರ್ಷಗಳ ಕಾಲ ಹಿಂಬಾಲಿಸಿ, 2019ರಲ್ಲಿ ಮುಂದಿನ ಭಾಗವನ್ನೂ ಹೇಳಿತು. ಬಾಸ್ಟನ್ ಸುದ್ದಿಯನ್ನು ಅತಿಯಾಗಿ ನೋಡಿದವರಿಗೆ ‘ಮುಂದೆಯೂ ಹೀಗೇ ಆದೀತು’ ಎಂಬ ಚಿಂತೆ ಹೆಚ್ಚಿತು. ಚಿಂತೆ ಹೆಚ್ಚಿದವರೇ 2016ರಲ್ಲಿ ಆರ್ಲಾಂಡೊ ನೈಟ್‌ಕ್ಲಬ್ಬಿನ ಗುಂಡಿನ ದಾಳಿ ನಡೆದಾಗ ಮತ್ತೆ ಹೆಚ್ಚು ಹೊತ್ತು ಸುದ್ದಿಗೆ ಅಂಟಿಕೊಂಡರು, ಮತ್ತೆ ಹೆಚ್ಚು ಬಳಲಿದರು. ಮಾವ ಸಂಜೆ ಏಳಕ್ಕೆ ರಿಮೋಟ್ ಹಿಡಿದದ್ದರ ವಿವರಣೆ ನನಗೆ ಸಿಕ್ಕಿದ್ದು ಇಲ್ಲಿ. ನಮ್ಮಲ್ಲೂ ಹಾಸನ ಮೊದಲಲ್ಲವಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೃದಯಸ್ತಂಭನದಿಂದ ತೀರಿಕೊಂಡಾಗಲೂ ಜಯದೇವದ ಮುಂದೆ ಹೀಗೆಯೇ ಜನ ಮುಗಿಬಿದ್ದಿದ್ದರು. ಆಗ ಎದೆಯಲ್ಲಿ ಕೂತ ಭಯ ಸುಮಾರು ನಾಲ್ಕು ವರ್ಷ ಅಲ್ಲೇ ಇತ್ತು. ಹಾಸನದ ಸುದ್ದಿ ಅದನ್ನು ತಟ್ಟಿ ಎಬ್ಬಿಸಿತು.

ಕೆಟ್ಟ ಸುದ್ದಿ ತನ್ನ ವಿಷಯಕ್ಕಷ್ಟೇ ನಿಲ್ಲುವುದೂ ಇಲ್ಲ. ಬ್ರಿಟನ್ನಿನ ವೆಂಡಿ ಜಾನ್‌ಸ್ಟನ್ ಮತ್ತು ಗ್ರಹಾಂ ಡೇವಿ 1997ರಲ್ಲಿ ಮೂರು ಗುಂಪುಗಳಿಗೆ 14 ನಿಮಿಷಗಳ ಟಿವಿ ವಾರ್ತೆ ತೋರಿಸಿದರು. ಒಂದು ಗುಂಪಿಗೆ ಒಳ್ಳೆಯ ಸುದ್ದಿ, ಒಂದಕ್ಕೆ ಸಪ್ಪೆ ಸುದ್ದಿ, ಒಂದಕ್ಕೆ ಕೆಟ್ಟ ಸುದ್ದಿ. ಕೆಟ್ಟ ಸುದ್ದಿ ನೋಡಿದವರು ಬೇಸರಗೊಂಡದ್ದು ಆಶ್ಚರ್ಯವಲ್ಲ. ಅವರು ತಮ್ಮ ಸ್ವಂತ ಚಿಂತೆಯನ್ನು, ವಾರ್ತೆಗೆ ಏನೇನೂ ಸಂಬಂಧವಿಲ್ಲದ ಮನೆಯ ಚಿಂತೆಯನ್ನು, ಇನ್ನಷ್ಟು ದೊಡ್ಡದು ಮಾಡಿಕೊಂಡು ಯೋಚಿಸತೊಡಗಿದರು. ಮಗಳ ಪರೀಕ್ಷೆ, ಸೊಸೈಟಿಯ ಸಾಲ, ಬಾರದ ಮಳೆ ಎಲ್ಲವೂ ರಾತ್ರಿ ಒಂಬತ್ತರ ವಾರ್ತೆಯ ನಂತರ ಹೆಚ್ಚು ಭಾರವಾಗುತ್ತವೆ. ಆ ಭಾರ ವಾರ್ತೆಯಿಂದ ಬಂದದ್ದೆಂದು ನಮಗೆ ಹೊಳೆಯುವುದಿಲ್ಲ. ಬದುಕೇ ಹಾಗಿದೆ ಅನ್ನಿಸುತ್ತದೆ.

ಹಿಂದಿನವರಿಗೆ ಕೆಟ್ಟ ಸುದ್ದಿ ಇರಲಿಲ್ಲವೇ? ಇತ್ತು, ನಮಗಿಂತ ಹೆಚ್ಚೇ ಇತ್ತು. ಪ್ಲೇಗು, ಬರ, ಯುದ್ಧ ಎಲ್ಲವನ್ನೂ ಅವರು ಕಂಡರು. ಆದರೆ ಅವರ ಸುದ್ದಿಗೆ ಒಂದು ಕೊನೆಯಿತ್ತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಹೊರತಂದಾಗ ಅದು ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ದಿನಪತ್ರಿಕೆ ಬಂದ ಮೇಲೂ ಕೊನೆಯ ಪುಟ ಎಂಬುದೊಂದಿತ್ತು. ಕ್ರೀಡಾ ಪುಟ ಮುಗಿಸಿ ಪತ್ರಿಕೆ ಮಡಚಿಟ್ಟರೆ ಆವತ್ತಿನ ಲೋಕ ಮುಗಿಯಿತು. ಆಕಾಶವಾಣಿಯ ಕನ್ನಡ ವಾರ್ತೆ ಹತ್ತು ನಿಮಿಷ. ಆಮೇಲೆ ಕೃಷಿರಂಗವೋ ಚಿತ್ರಗೀತೆಯೋ ಬರುತ್ತಿತ್ತು, ಕೇಳುತ್ತಿದ್ದವರು ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದರು. 1962ರ ಚೀನಾ ಯುದ್ಧದ ಸುದ್ದಿಯೂ ಬಾಂಗ್ಲಾ ವಿಮೋಚನೆಯ ಸುದ್ದಿಯೂ ನಮ್ಮ ಹಳ್ಳಿಗಳಿಗೆ ಬಂದದ್ದು ಈ ಅಳತೆಯಲ್ಲೇ.

ಕೊನೆ ಕಳಚಿಬಿದ್ದದ್ದು ಎರಡು ಹೆಜ್ಜೆಗಳಲ್ಲಿ. 1980ರ ಜೂನ್ 1ರಂದು ಅಮೆರಿಕದಲ್ಲಿ ಸಿಎನ್ಎನ್ ಇಡೀ ದಿನದ ವಾರ್ತೆ ಶುರುಮಾಡಿತು. ಈ ಶತಮಾನದ ಮೊದಲ ದಶಕದಲ್ಲಿ ಕನ್ನಡಕ್ಕೂ 24 ಗಂಟೆಯ ವಾಹಿನಿಗಳು ಬಂದವು. ಇಪ್ಪತ್ತನಾಲ್ಕು ಗಂಟೆ ತುಂಬುವಷ್ಟು ಘಟನೆಗಳು ದಿನವೂ ನಡೆಯುವುದಿಲ್ಲ. ಹಾಗಾಗಿ ನಡೆದ ಒಂದನ್ನೇ ತಿರುಗಿಸಿ ತಿರುಗಿಸಿ ತೋರಿಸುವುದು ಅನಿವಾರ್ಯವಾಯಿತು. ಎರಡನೆಯ ಹೆಜ್ಜೆ ಅಂಗೈಯಲ್ಲಿ. ಬೆರಳು ಎಳೆದಷ್ಟೂ ಕೆಳಗಿನಿಂದ ಹೊಸದು ಬರುತ್ತಲೇ ಇರುವ ಪುಟವನ್ನು ಏಜಾ ರಾಸ್ಕಿನ್ ಎಂಬ ವಿನ್ಯಾಸಕಾರ 2006ರಲ್ಲಿ ರೂಪಿಸಿದರು. ಅದು ಜನರ ಎಷ್ಟು ಸಮಯ ನುಂಗಿತು ಎಂದು ಆಮೇಲೆ ಬಹಿರಂಗವಾಗಿ ಮರುಗಿದರು. ಮುಂದಿನ ಪುಟಕ್ಕೆ ಹೋಗಲು ಗುಂಡಿ ಒತ್ತಬೇಕಾಗಿದ್ದಾಗ, ‘ಸಾಕಾ, ಇನ್ನೂ ಬೇಕಾ’ ಎಂದು ಕೇಳಿಕೊಳ್ಳಲು ಒಂದು ಕ್ಷಣ ಸಿಗುತ್ತಿತ್ತು. ಈಗ ಆ ಕ್ಷಣವೂ ಇಲ್ಲ.

ಅಲ್ಲಿ ಬರುವುದರಲ್ಲೂ ಕೆಟ್ಟದ್ದಕ್ಕೇ ಮೊದಲ ಮಣೆ ಏಕೆ ಎಂದರೆ, ನಾವು ಒತ್ತುವುದು ಅದನ್ನೇ. ಒಂದೇ ಸುದ್ದಿಗೆ ಬೇರೆ ಬೇರೆ ತಲೆಬರಹ ಕೊಟ್ಟು ಪರೀಕ್ಷಿಸಿದ್ದ ಒಂದು ಅಮೆರಿಕನ್ ಜಾಲತಾಣದ ಲಕ್ಷಕ್ಕೂ ಹೆಚ್ಚು ತಲೆಬರಹಗಳನ್ನು ಸಂಶೋಧಕರು ಜಾಲಾಡಿದರು. ತಲೆಬರಹದಲ್ಲಿ ಒಂದೊಂದು ನಕಾರಾತ್ಮಕ ಪದ ಹೆಚ್ಚಿದಾಗಲೂ ಅದನ್ನು ಒತ್ತುವವರ ಪ್ರಮಾಣ ಸರಾಸರಿ ಶೇ 2.3ರಷ್ಟು ಏರಿತ್ತು ಎಂದು 2023ರಲ್ಲಿ ಪ್ರಕಟವಾಯಿತು. ಮಾಧ್ಯಮದವರನ್ನು ಬೈಯುವಾಗ ಈ ಮಾತು ನೆನಪಿರಬೇಕು. ಹಾಗೆಂದು ಅವರ ಹೊಣೆ ತಪ್ಪಿತು ಎಂದಲ್ಲ. ವಿಯೆನ್ನಾ ನಗರದ ಉದಾಹರಣೆ ಇದೆ. 1980ರ ದಶಕದಲ್ಲಿ ಅಲ್ಲಿನ ಮೆಟ್ರೊ ರೈಲಿಗೆ ಬಿದ್ದು ಸಾಯುವವರು ಹೆಚ್ಚಾದಾಗ, ಪತ್ರಿಕೆಗಳು ಅಂಥ ಸುದ್ದಿಯನ್ನು ಮುಖಪುಟದಲ್ಲಿ ವೈಭವೀಕರಿಸುತ್ತಿದ್ದವು. 1987ರಲ್ಲಿ ವರದಿಗಾರಿಕೆಗೆ ಮಾರ್ಗಸೂಚಿ ಬಂತು, ಪತ್ರಿಕೆಗಳು ಒಪ್ಪಿ ನಡೆದವು. ಕೆಲವೇ ತಿಂಗಳಲ್ಲಿ ಮೆಟ್ರೊದ ಆತ್ಮಹತ್ಯೆಗಳು ಬಹುಪಾಲು ಇಳಿದವು. ನಮ್ಮ ಭಾರತೀಯ ಪತ್ರಿಕಾ ಮಂಡಳಿಯೂ 2019ರಲ್ಲಿ, ಆತ್ಮಹತ್ಯೆಯ ವರದಿಯನ್ನು ಎದ್ದುಕಾಣುವಂತೆ ಹಾಕಬಾರದು, ಅನಗತ್ಯವಾಗಿ ಮತ್ತೆ ಮತ್ತೆ ಹಾಕಬಾರದು ಎಂಬ ಮಾರ್ಗಸೂಚಿಯನ್ನು ಒಪ್ಪಿಕೊಂಡಿದೆ. ಪುನರಾವರ್ತನೆ ಜೀವಕ್ಕೇ ಅಪಾಯ ಎಂದು ಒಂದು ವಿಷಯದಲ್ಲಿ ಒಪ್ಪಿದ ಮೇಲೆ, ಕುಸಿದು ಬೀಳುವವನ ದೃಶ್ಯವನ್ನು ದಿನವಿಡೀ ಸುತ್ತಿಸುವುದಕ್ಕೆ ಯಾವ ಸಮರ್ಥನೆ ಉಳಿಯುತ್ತದೆ? ಆ ಬಿದ್ದವನಿಗೂ ಮನೆಯವರಿದ್ದಾರೆ, ಅವರ ಮನೆಯಲ್ಲೂ ಟಿವಿ ಇದೆ.

ಬೇಸತ್ತ ಹಲವರು ಸುದ್ದಿಯನ್ನೇ ಬಿಟ್ಟಿದ್ದಾರೆ. ರಾಯಿಟರ್ಸ್ ಇನ್‌ಸ್ಟಿಟ್ಯೂಟ್ ಹಲವು ದೇಶಗಳಲ್ಲಿ ನಡೆಸುವ ಸಮೀಕ್ಷೆಯಲ್ಲಿ, ಕೆಲವೊಮ್ಮೆಯಾದರೂ ಬೇಕೆಂದೇ ಸುದ್ದಿ ತಪ್ಪಿಸುತ್ತೇವೆ ಎಂದವರು 2017ರಲ್ಲಿ ಶೇ 29. 2024ರಲ್ಲಿ ಶೇ 39. ಅವರ ದಣಿವು ನನಗೆ ಅರ್ಥವಾಗುತ್ತದೆ, ಆದರೆ ಅವರ ದಾರಿಯನ್ನು ಒಪ್ಪಲಾರೆ. 2018ರ ಅಮೆರಿಕದ ಚುನಾವಣೆಗೆ ಮೊದಲು ಸಂಶೋಧಕರು ಕೆಲವರಿಗೆ ದುಡ್ಡು ಕೊಟ್ಟು ನಾಲ್ಕು ವಾರ ಫೇಸ್‌ಬುಕ್ ನಿಲ್ಲಿಸುವಂತೆ ಮಾಡಿದ್ದರು. ನಿಲ್ಲಿಸಿದವರ ನೆಮ್ಮದಿ ಸ್ವಲ್ಪ ಹೆಚ್ಚಿತು, ದಿನಕ್ಕೆ ಸುಮಾರು ಒಂದು ಗಂಟೆ ಕೈಗೆ ಸಿಕ್ಕಿತು. ಜೊತೆಗೇ ದೇಶದ ಆಗುಹೋಗುಗಳ ತಿಳಿವಳಿಕೆ ಕಡಿಮೆಯಾಯಿತು. ಸುದ್ದಿ ಬಿಟ್ಟವನು ಕೊಡುವ ಬೆಲೆ ಅದು. ನಾಳೆ ಕೊಡಗಿಗೆ ರೆಡ್ ಅಲರ್ಟ್ ಇದೆಯೆಂದು, ತಾಲ್ಲೂಕು ಆಸ್ಪತ್ರೆಗೆ ಇಸಿಜಿ ಸೌಲಭ್ಯ ಬಂತೆಂದು ಅವನಿಗೆ ಯಾರು ಹೇಳಬೇಕು? ಹಾಸನದ ಸುದ್ದಿಯಿಂದ ಒಳ್ಳೆಯದೂ ಆಯಿತು. ಎಂದೂ ಬಿಪಿ ನೋಡಿಸಿಕೊಳ್ಳದವರು ನೋಡಿಸಿಕೊಂಡರು. ಹೃದಯಾಘಾತಕ್ಕೆ ತುರ್ತು ಚಿಕಿತ್ಸೆ ಕೊಡುವ, ಪುನೀತ್ ಹೆಸರಿನ ‘ಹೃದಯಜ್ಯೋತಿ’ ಯೋಜನೆಯನ್ನು ತಾಲ್ಲೂಕು ಆಸ್ಪತ್ರೆಗಳಿಗೆಲ್ಲ ವಿಸ್ತರಿಸುವುದಾಗಿ ಸರ್ಕಾರ ಹೇಳಿತು. ನನ್ನ ಮಾವನ ಬಿಪಿ ಮೇಲಿದೆ ಎಂದು ಗೊತ್ತಾದದ್ದೂ ಆ ರಾತ್ರಿಯೇ.

ಹಾಗಾದರೆ ಬೇಕಿರುವುದು ಸುದ್ದಿಗೆ ಕಳೆದುಹೋದ ಕೊನೆಯನ್ನು ನಮ್ಮ ಮನೆಯಲ್ಲಾದರೂ ಮತ್ತೆ ಕಟ್ಟುವುದು. ಕೋವಿಡ್ ಶುರುವಿನಲ್ಲಿ, 2020ರ ಮಾರ್ಚ್‌ನಲ್ಲೇ, ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಸರಳವಾಗಿ ಹೇಳಿತ್ತು: ಕಳವಳ ತರುವ ಸುದ್ದಿಯನ್ನು ಕಡಿಮೆ ಮಾಡಿ, ದಿನದಲ್ಲಿ ಒಂದೋ ಎರಡೋ ಸಲ, ಗೊತ್ತಾದ ಹೊತ್ತಿನಲ್ಲಿ, ನಂಬಬಹುದಾದ ಕಡೆಯಿಂದ ತಿಳಿದುಕೊಳ್ಳಿ. ನನ್ನ ಅನುಭವದಲ್ಲಿ ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ‘ಗೊತ್ತಾದ ಹೊತ್ತು’. ಬೆಳಗ್ಗೆ ಕಾಫಿಯ ಜೊತೆ ಪತ್ರಿಕೆ, ಸಂಜೆ ರೇಡಿಯೊದ ಪ್ರದೇಶ ಸಮಾಚಾರ, ಅಷ್ಟು ಸಾಕು. ಲೋಕದಲ್ಲಿ ನಡೆದದ್ದು ಯಾವುದೂ ತಪ್ಪಿಹೋಗುವುದಿಲ್ಲ. ಫೋನಿನಲ್ಲಿ ಸುದ್ದಿ ಆ್ಯಪ್‌ಗಳ ನೋಟಿಫಿಕೇಶನ್ ಆಫ್ ಮಾಡುವುದು ಎರಡು ನಿಮಿಷದ ಕೆಲಸ. ಮಲಗುವ ಮುಂಚಿನ ಒಂದು ಗಂಟೆಯನ್ನು ಹೇಗಾದರೂ ಉಳಿಸಿಕೊಳ್ಳಲೇಬೇಕು, ಏರಿದ ಮೈ ಇಳಿಯಲು ಅಷ್ಟು ಹೊತ್ತಾದರೂ ಬೇಕು. ದೃಶ್ಯಕ್ಕಿಂತ ಅಕ್ಷರ ವಾಸಿ; ಓದುವಾಗ ಯಾರೂ ನಮ್ಮ ಕಣ್ಣೆದುರು ಮತ್ತೆ ಮತ್ತೆ ಬೀಳುವುದಿಲ್ಲ. ಫ್ಯಾಮಿಲಿ ಗ್ರೂಪಿಗೆ ಸಾವಿನ ವಿಡಿಯೊ ಕಳಿಸುವ ಮುಂಚೆ, ದುಬೈನಲ್ಲೋ ಡಲ್ಲಾಸ್‌ನಲ್ಲೋ ಒಬ್ಬಂಟಿಯಾಗಿರುವ ಮಗ ಅದನ್ನು ನಡುರಾತ್ರಿ ನೋಡಿ ಊರಿಗೆ ಫೋನ್ ಹಚ್ಚುತ್ತಾನೆಂಬ ನೆನಪಿರಲಿ.

ಮಾವನ ಮನೆಯಲ್ಲಿ ಅತ್ತೆ ಒಂದು ಉಪಾಯ ಮಾಡಿದರು. ಏಳು ಗಂಟೆಗೆ ಸರಿಯಾಗಿ ಮಾವನನ್ನು ಸೊಪ್ಪು ಸೋಸಲು ಕೂರಿಸಿದರು. ವಾರ್ತೆ ಎಂಟಕ್ಕೆ, ಅರ್ಧ ಗಂಟೆ, ಆಮೇಲೆ ಊಟ. ಮೊದಲೆರಡು ದಿನ ಮಾವ ಸಿಡಿಮಿಡಿಗುಟ್ಟಿದರಂತೆ. ಅಷ್ಟರಿಂದ ಎಲ್ಲ ಸರಿಹೋಯಿತು ಎನ್ನಲಾರೆ, ಅವರು ಈಗಲೂ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ನಿದ್ದೆ ಮಾತ್ರ ಮೊದಲಿನಂತಾಯಿತು. ಸುದ್ದಿ ನಿಲ್ಲಿಸಿದರೂ ಎದೆ ಡವಗುಟ್ಟುವುದು ನಿಲ್ಲದಿದ್ದರೆ, ನಿದ್ದೆ ವಾರಗಟ್ಟಲೆ ಕೆಟ್ಟರೆ, ಅದನ್ನು ಟಿವಿಯ ಮೇಲೆ ಹಾಕಿ ಸುಮ್ಮನಿರಬಾರದು. ಹೃದಯವನ್ನು ವೈದ್ಯರಿಗೆ ತೋರಿಸಿ. ಅದು ಸರಿಯಿದ್ದರೆ 14416ಕ್ಕೆ ಫೋನ್ ಮಾಡಿ. ಇದು ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮನಸ್ ಸಹಾಯವಾಣಿ. ಕಾಸು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಸಾವಿನ ಲೆಕ್ಕದ ಮಾತು. ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು, ಮರಣೋತ್ತರ ಪರೀಕ್ಷೆ ನಡೆಯಬೇಕು ಎಂದು ಸರ್ಕಾರ 2025ರ ಜುಲೈನಲ್ಲಿ ಪ್ರಕಟಿಸಿತು. ಹಾಸನದ ಗದ್ದಲದಲ್ಲಿ ನನಗೆ ತುಂಬ ಬೆಲೆಯುಳ್ಳದ್ದಾಗಿ ಕಂಡ ನಿರ್ಧಾರ ಇದು. ಜಿಲ್ಲೆ ಜಿಲ್ಲೆಯ ತಿಂಗಳ ಲೆಕ್ಕ, ವಯಸ್ಸಿನ ಸಮೇತ ಸಿಗುವಂತಾದರೆ, ಈ ತಿಂಗಳು ಹೋದ ವರ್ಷದ ಇದೇ ತಿಂಗಳಿಗಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದು ವರದಿಗಾರರು ಕೇಳಬಹುದು, ನಾವೂ ಕೇಳಬಹುದು. ಚಿಕ್ಕ ವಯಸ್ಸಿನವರ ಸಾವು ನಿಜವಾಗಿಯೂ ಏರುತ್ತಿದ್ದರೆ ಅದು ಆಗ ಇಪ್ಪತ್ತು ಸಾವು ಸುದ್ದಿಯಾಗುವ ಮೊದಲೇ ಕಾಣಿಸುತ್ತದೆ. ಏರದಿದ್ದರೆ, ಜಯದೇವದ ಸಾಲಿನಲ್ಲಿ ನಿಜವಾದ ಎದೆನೋವಿನವರಿಗೆ ಜಾಗ ಸಿಗುತ್ತದೆ.